ಇಪ್ಪತ್ತೆರಡನೇ ಪ್ರಶ್ನೆ

ಅವನನ್ನು ಮೊದಲ ಸಲ ನೋಡಿದಾಗ ಸಂಘಮಿತ್ರಳಿಗೆ ಬಂದದ್ದು ಸಿಟ್ಟು. ಪ್ರೇಮಕಥೆ ಅಂದಮೇಲೆ ಬೇರೇನೋ ಬರಬೇಕಿತ್ತಲ್ಲ ಅಂತ ನಿಮಗನಿಸಿದರೆ ಸ್ವಲ್ಪ ತಾಳಿ. ಈ ಹುಡುಗಿಗೆ ಮೊದಲು ಬರುವುದು ಯಾವಾಗಲೂ ಸಿಟ್ಟೇ.

ಅವನು ಅಪ್ಪನ ಕುರ್ಚಿಯಲ್ಲಿ ಕೂತಿದ್ದ.

ಕೃಷ್ಣರಾಜನಗರದ ತಾಲ್ಲೂಕು ಕಚೇರಿ ಹತ್ತಿರ ‘ಅಂಕಯ್ಯ ಟೈಪಿಂಗ್ ಮತ್ತು ಜೆರಾಕ್ಸ್’ ಎಲ್ಲಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮೂವತ್ತು ವರ್ಷ ಅಂಕಯ್ಯ ಅಲ್ಲಿ ಕೂತು ಊರೂರಿನವರ ಅರ್ಜಿ ಟೈಪು ಮಾಡಿಕೊಟ್ಟಿದ್ದರು. ಅವರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಕೈಹಿಡಿಕೆ ಸವೆದು ಬೆಳ್ಳಗಾಗಿದ್ದ ಅವರ ಮರದ ಕುರ್ಚಿಯಲ್ಲಿ ಮಗಳು ಯಾರನ್ನೂ ಕೂರಗೊಡುತ್ತಿರಲಿಲ್ಲ. ತಾನೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಜೆರಾಕ್ಸ್ ಮಾಡುತ್ತಿದ್ದಳು, ಆನ್‌ಲೈನ್ ಫಾರಂ ತುಂಬುತ್ತಿದ್ದಳು.

“ಎದ್ದೇಳ್ರೀ.”

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ತಲೆಯೆತ್ತಿದ.

“ನನಗಾ?”

“ಇಲ್ಲಿ ಇನ್ಯಾರವ್ರೆ? ಅದು ನಮ್ಮಪ್ಪನ ಕುರ್ಚಿ.”

ಒಳಗಿಂದ ಅಮ್ಮ ಭಾಗ್ಯಮ್ಮ ಟೀ ಲೋಟ ಹಿಡಿದು ಬಂದರು. “ನಾನೇ ಕಣವ್ವ ಕೂರ್ಸಿದ್ದು. ಪಾಪ, ಉಣಸೂರಿಂದ ಬಸ್ಸಲ್ಲಿ ನಿಂತ್ಕಂಡೇ ಬಂದವ್ರೆ. ನಮ್ ಕಂಪ್ಯೂಟ್ರು ಸರಿ ಮಾಡಕ್ಕೆ.”

ಅವನು ಎದ್ದ. ಎದ್ದು ಸುಮ್ಮನೆ ನಿಲ್ಲಬಾರದಾ? ಜೇಬಿನಿಂದ ಕರ್ಚೀಫು ತೆಗೆದು ಕುರ್ಚಿಯನ್ನು ಒರೆಸಿ, ಮೊದಲಿದ್ದ ಜಾಗಕ್ಕೇ ಸರಿಸಿಟ್ಟ. ಬೈಯಲು ಇನ್ನೇನೂ ಉಳಿಯದೆ ಹೋದದ್ದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಅವನ ಹೆಸರು ಮಾದೇಶ. ಎಚ್.ಡಿ. ಕೋಟೆ ಕಡೆಯ ಹಳ್ಳಿಯವನು. ಹುಣಸೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ಭಾನುವಾರ ಬಂದರೆ ಹಳೇ ಕಂಪ್ಯೂಟರು ಇಟ್ಟುಕೊಂಡು ಒದ್ದಾಡುವವರ ಮನೆ, ಅಂಗಡಿ, ಶಾಲೆ ಹುಡುಕಿಕೊಂಡು ಹೋಗುತ್ತಿದ್ದ.

ಅಪ್ಪನ ಕಂಪ್ಯೂಟರೂ ಹಾಗೆ ಒದ್ದಾಡುತ್ತಿತ್ತು. ಬೆಳಿಗ್ಗೆ ಹಾಕಿದರೆ ತೆರೆದುಕೊಳ್ಳಲು ಇಪ್ಪತ್ತು ನಿಮಿಷ. ತೆರೆದ ಮೇಲೆ ಒಂದೇ ನೋಟೀಸು: ಇದಕ್ಕೆ ಇನ್ನು ಅಪ್‌ಡೇಟ್ ಇಲ್ಲ, ಹೊಸದಕ್ಕೆ ನಿಮ್ಮ ಯಂತ್ರ ಯೋಗ್ಯವಲ್ಲ.

“ಯಂತ್ರ ಗಟ್ಟಿಯಾಗೇ ಇದೆ ಕಣ್ರೀ,” ಅಂದ ಮಾದೇಶ. “ಒಳಗಿನ ವ್ಯವಸ್ಥೆ ಬದಲಾಯಿಸಿದ್ರೆ ಸಾಕು. ಲಿನಕ್ಸ್ ಅಂತ ಇದೆ. ಯಾರ ಸ್ವತ್ತೂ ಅಲ್ಲ ಅದು. ಒಳಗೆ ಏನಿದೆ ಅಂತ ಯಾರ್ ಬೇಕಾದ್ರೂ ತೆಗೆದು ನೋಡ್ಬೌದು, ತಿದ್ದಬೌದು, ಇನ್ನೊಬ್ರಿಗೆ ಕೊಡ್ಬೌದು.”

“ನನಗೆ ತೆಗೆದು ನೋಡೋದು ಬ್ಯಾಡ. ಜೆರಾಕ್ಸ್ ಬಂದ್ರೆ ಸಾಕು.”

“ಬರ್ತದೆ. ಬದಲಾಗಿದ್ದೇ ಗೊತ್ತಾಗಬಾರ್ದು, ಹಂಗ್ ಮಾಡ್ಕೊಡ್ತೀನಿ. ಚಪ್ಪಲಿ ಬಿಟ್ಟ ಜಾಗದಲ್ಲೇ ಚಪ್ಪಲಿ ಇರಬೇಕು.”

ಚೀಲದಿಂದ ಒಂದು ನೋಟ್‌ಬುಕ್ ತೆಗೆದ. ಅದರಲ್ಲಿ ಇಪ್ಪತ್ತೊಂದು ಪ್ರಶ್ನೆಗಳು. ಬೆಳಿಗ್ಗೆ ಬಂದ ತಕ್ಷಣ ಮೊದಲು ಏನು ಒತ್ತುತ್ತೀರಿ? ಪ್ರಿಂಟರ್ ಯಾವುದು? ಪಹಣಿ ತೆಗೆಯುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಅಕ್ಷರ ಎಷ್ಟು ದೊಡ್ಡದು ಬೇಕು? ಒಂದೊಂದನ್ನೂ ಕೇಳಿ ಉತ್ತರ ಬರೆದುಕೊಂಡ. ಭಾಗ್ಯಮ್ಮನನ್ನೂ ಬಿಡಲಿಲ್ಲ.

ಕೊನೆಗೆ ಸಂಘಮಿತ್ರ ಪರದೆಯ ಮೂಲೆಯ ಒಂದು ಫೋಲ್ಡರ್ ತೋರಿಸಿದಳು. ‘ಅಪ್ಪ’ ಅಂತ ಅವಳೇ ಹೆಸರಿಟ್ಟದ್ದು.

“ಇದ್ರಲ್ಲಿ ನಮ್ಮಪ್ಪ ಬರ್ದಿರೋ ಪುಸ್ತಕ ಅದೆ. ಅವರ ಜೀವನದ ಕಥೆ. ವರ್ಷ ತುಂಬೋ ದಿನಕ್ಕೆ ಅಚ್ಚಾಗಬೇಕು. ಇದ್ರಲ್ಲಿ ಒಂದಕ್ಷರ ಹಾಳಾದ್ರೆ...”

“ಹಾಳಾದ್ರೆ?”

“ನಿಮ್ಮನ್ನ ಬುಡಾಕಿಲ್ಲ.”

ಮಾದೇಶ ನಗಲಿಲ್ಲ. “ಎರಡು ಕಡೆ ಕಾಪಿ ಇಟ್ಟೇ ಮುಂದಕ್ಕೆ ಹೋಗ್ತೀನಿ,” ಅಂದ. ಹಾಗೇ ಮಾಡಿದ. ಒಂದು ಕಾಪಿ ಅವಳ ಪೆನ್‌ಡ್ರೈವಿಗೆ, ಇನ್ನೊಂದು ತನ್ನ ಡಿಸ್ಕಿಗೆ.

ಮಾರನೇ ಭಾನುವಾರಕ್ಕೆ ಕಂಪ್ಯೂಟರು ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತಿತ್ತು. ಜೆರಾಕ್ಸ್ ಗುಂಡಿ ಮೊದಲಿದ್ದ ಜಾಗದಲ್ಲೇ ಇತ್ತು. ಅದರ ಮೇಲೆ ಕನ್ನಡದಲ್ಲೇ ‘ಜೆರಾಕ್ಸ್’ ಅಂತ ಬರೆದಿತ್ತು. ಭಾಗ್ಯಮ್ಮ ಮೊದಲ ಸಲ ತಾವೇ ಒಂದು ಆಧಾರ್ ಕಾರ್ಡಿನ ಪ್ರಿಂಟು ತೆಗೆದು, ಅದನ್ನು ಕೈಯಲ್ಲಿ ಹಿಡಿದು ಅರ್ಧ ಬೀದಿಗೆ ತೋರಿಸಿ ಬಂದರು.

ಅದಾದ ಮೇಲೂ ಮಾದೇಶ ಎರಡು ಭಾನುವಾರ ಬಂದ. ಪ್ರಿಂಟರ್ ನೋಡುತ್ತೇನೆ ಅಂತ ಬಂದ. ಪ್ರಿಂಟರಿಗೆ ಏನೂ ಆಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಬಸ್ಸಾರು ಮುದ್ದೆ ಬಡಿಸುವ ಭಾಗ್ಯಮ್ಮನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಇದೆಲ್ಲ ಯಾಕ್ ಮಾಡ್ತೀರಾ ನೀವು?” ಒಂದು ದಿನ ಸಂಘಮಿತ್ರ ಕೇಳಿದಳು.

“ಸೇಡಿಗೆ.”

ಅವಳು ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

“ನಮ್ ಸ್ಕೂಲಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಬಟ್ಟೆ ಮುಚ್ಚಿ ಬೀರುವಿಗೆ ಬೀಗ ಹಾಕಿದ್ರು. ಮುಟ್ಟಿದ್ರೆ ಕೆಟ್ಟೋಗ್ತದೆ ಅನ್ನೋರು ಮೇಷ್ಟ್ರು. ಏಳು ವರ್ಷ ಆ ಬೀಗ ನೋಡ್ಕೊಂಡೇ ಓದ್ದೆ. ಈಗ ಎಲ್ಲೆಲ್ಲಿ ಕಂಪ್ಯೂಟರ್ಗೆ ಬಟ್ಟೆ ಮುಚ್ಚಿರ್ತಾರೋ ಅಲ್ಲಿಗೆಲ್ಲ ಹೋಗಿ ತೆಗೀತೀನಿ.” ಅವನು ತಟ್ಟೆ ನೋಡುತ್ತಾ ನಕ್ಕ. “ಮುಂದಿನ ಸೋಮವಾರ ಹುಣಸೂರಲ್ಲಿ ಹೆಡ್ಮಾಸ್ಟರುಗಳ ಸಭೆ ಇದೆ. ಎರಡು ತಾಲ್ಲೂಕಿನ ಮೂವತ್ತೆಂಟು ಸ್ಕೂಲು. ಅವರು ಒಪ್ಪಿದ್ರೆ ಮೂವತ್ತೆಂಟು ಬೀಗ.”

ಸೇಡು ಅನ್ನುವ ಮಾತನ್ನು ಇಷ್ಟು ಮೆತ್ತಗೆ ಹೇಳಿದವರನ್ನು ಅವಳು ನೋಡಿರಲಿಲ್ಲ. ಅವತ್ತು ಬಸ್‌ಸ್ಟ್ಯಾಂಡಿನ ತನಕ ಅವನ ಜೊತೆ ನಡೆದು ಹೋದಳು. ವಾಪಸು ಬರುವಾಗ ದಾರಿಯಲ್ಲಿ ಸುಮ್ಮಸುಮ್ಮನೆ ಮುಗುಳ್ನಗುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ.

ಗುರುವಾರ ಸಾಲಿಗ್ರಾಮದಿಂದ ಫೋನ್ ಬಂತು. ಪ್ರೆಸ್ಸಿನ ನೀಲಕಂಠಸ್ವಾಮಿ, ಅಪ್ಪನ ಹಳೇ ಸ್ನೇಹಿತರು. “ಪುಸ್ತಕದ ಮ್ಯಾಟರ್ ಕಳಿಸವ್ವ, ದಿನ ಹತ್ರ ಬಂತು,” ಅಂದರು.

ಅಪ್ಪ ಹೋದಮೇಲೆ ಆ ಫೈಲನ್ನು ಅವಳು ಒಂದು ಸಲವೂ ತೆರೆದಿರಲಿಲ್ಲ. ಧೈರ್ಯ ಸಾಲುತ್ತಿರಲಿಲ್ಲ. ಅವತ್ತು ಬಾಗಿಲು ಅರ್ಧ ಮುಚ್ಚಿ, ಅಪ್ಪನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು, ಫೈಲ್ ತೆರೆದಳು.

ಕನ್ನಡ ಇರಲಿಲ್ಲ.

ಇನ್ನೂರು ಚಿಲ್ಲರೆ ಪುಟ. ಒಂದು ಪುಟದಲ್ಲೂ ಒಂದೇ ಒಂದು ಕನ್ನಡದ ಅಕ್ಷರ ಇರಲಿಲ್ಲ. ಇಂಗ್ಲಿಷಿನ ಎ, ಸಿ, ವಿಗಳ ತಲೆಯ ಮೇಲೆ ಚುಕ್ಕೆ, ಗೀಟು, ಟೋಪಿ. ನಡುನಡುವೆ ದುಡ್ಡಿನ ಗುರುತು. ಮೊದಲ ಸಾಲು ಶುರುವಾಗುತ್ತಿದ್ದದ್ದೇ ಹೀಗೆ: C¥Àà...

ಪೆನ್‌ಡ್ರೈವ್ ಹಾಕಿದಳು. ಅದರಲ್ಲೂ ಅದೇ ಕಸ.

ಮಾದೇಶನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಹನ್ನೊಂದು ಸಲ ಮಾಡಿದಳು. ಹನ್ನೊಂದು ಸಲವೂ ಅದೇ.

*ಎರಡು ಕಡೆ ಕಾಪಿ ಇಟ್ಟೇ ಮುಂದಕ್ಕೆ ಹೋಗ್ತೀನಿ ಅಂದ... ಎರಡು ಕಡೆಯೂ ಹಾಳು ಮಾಡಿದ. ಗೊತ್ತಾದ ಮೇಲೆ ಫೋನ್ ಆಫ್ ಮಾಡಿಕೊಂಡ.*

ಅಳು ಬರಲಿಲ್ಲ. ಬಂದಿದ್ದರೆ ಈ ಕಥೆ ಇಷ್ಟು ದೂರ ಬರುತ್ತಿರಲಿಲ್ಲ.

ಭಾಗ್ಯಮ್ಮ ಬಂದು ಪರದೆ ನೋಡಿ ಕುಸಿದು ಕೂತರು. “ನಿಮ್ಮಪ್ಪ ಒಂದೊಂದಕ್ಷರ ಕುಟ್ಟಿ ಕುಟ್ಟಿ ಬರ್ದಿದ್ದು ಕಣವ್ವ... ಬೆರಳು ಬಾತ್ಕಂಡಿದ್ವು.”

ಆ ಮಾತು ಕೇಳಿ ಸಂಘಮಿತ್ರ ತೀರ್ಮಾನ ಮಾಡಿಬಿಟ್ಟಳು. ಅಪ್ಪನನ್ನು ಅಳಿಸಿದವನನ್ನು ತಾನು ಅಳಿಸಬೇಕು. ಕೂಗಾಡಿ ಅಲ್ಲ. ಅವನು ಎಲ್ಲಿ ಗೆಲ್ಲಬೇಕು ಅಂತ ಆಸೆ ಇಟ್ಟುಕೊಂಡಿದ್ದನೋ ಅಲ್ಲೇ, ಎಲ್ಲರ ಎದುರಿಗೇ.

ಆ ಕಸದ ಫೈಲಿನಿಂದ ಒಂದು ಪುಟವನ್ನು, ಯಾವುದು ಅಂತಲೂ ನೋಡದೆ, ಪ್ರಿಂಟು ತೆಗೆದಳು. ಅದರ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಳು: ‘ಇದು ನನ್ನ ಅಪ್ಪ. ನಾಳೆ ಇದು ನಿಮ್ಮ ಪ್ರಶ್ನೆಪತ್ರಿಕೆ.’ ಅದನ್ನು ಜೆರಾಕ್ಸಿಗೆ ಹಾಕಿದಳು. ಮೂವತ್ತೆಂಟು ಪ್ರತಿ. ಒಂದೊಂದು ಪ್ರತಿ ಬಿಸಿಬಿಸಿಯಾಗಿ ಹೊರಗೆ ಬಿದ್ದಾಗಲೂ ಎದೆಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಭಾನುವಾರ ಸಂಜೆ ಮಾದೇಶನ ಫೋನ್ ಬಂತು. ಕತ್ತರಿಸಿದಳು. ಮತ್ತೆ ಬಂತು. ಮತ್ತೆ ಕತ್ತರಿಸಿದಳು. *ಈಗ ನೆನಪಾಯಿತಾ?*

ಸೋಮವಾರ ಹನ್ನೊಂದು ಗಂಟೆಗೆ ಹುಣಸೂರಿನ ಸಭಾಂಗಣದ ಬಾಗಿಲಲ್ಲಿ ಅವಳು ನಿಂತಾಗ ಮಾದೇಶ ಪರದೆಯ ಮುಂದೆ ಮಾತಾಡುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಮಾತು ನಿಲ್ಲಿಸಿ, “ನೀವು ಬಂದ್ರಾ...” ಅಂದ.

ಆ ಅರಳಿದ ಮುಖ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಸಾಲುಸಾಲಾಗಿ ಕಾಗದ ಹಂಚಿದಳು.

ಬೆಟ್ಟದಪುರದ ಕಡೆಯ ಶಾಲೆಯ ಹೆಡ್ಮಾಸ್ಟರು ಉಮಾಶಂಕರ ಕನ್ನಡಕ ಏರಿಸಿದರು. “ಇದ್ಯಾವ ಭಾಷೆಯಮ್ಮ?”

“ಕನ್ನಡ ಸಾರ್. ನಮ್ಮಪ್ಪ ಬರೆದ ಕನ್ನಡ. ಈ ಮನುಷ್ಯ ನಮ್ಮ ಕಂಪ್ಯೂಟರ್ ಮುಟ್ಟಿದ ಮೇಲೆ ಹಿಂಗಾಗಿದೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಉಮಾಶಂಕರ ಅನುಮಾನದ ಮನುಷ್ಯ. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮಾದೇಶನ ಕೈಗಿಟ್ಟರು. “ಇದ್ರಲ್ಲಿ ನಮ್ಮ ಪ್ರಶ್ನೆಪತ್ರಿಕೆ ಅವೆ. ನಿಮ್ಮ ಲಿನಕ್ಸಲ್ಲಿ ತೆಗೀರಿ ನೋಡುವಾ.”

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಏಳನೇ ತರಗತಿಯ ಸಮಾಜ ವಿಜ್ಞಾನ ತೆರೆದುಕೊಂಡಿತು. ಎ, ಸಿ, ವಿ, ಟೋಪಿ, ಚುಕ್ಕೆ.

ಗುಸುಗುಸು ಗದ್ದಲವಾಯಿತು. ಮೂವತ್ತೆಂಟು ಜನರ ಮೂವತ್ತೆಂಟು ಪೆನ್‌ಡ್ರೈವಲ್ಲಿ ಹತ್ತಿಪ್ಪತ್ತು ವರ್ಷದ ಪ್ರಶ್ನೆಪತ್ರಿಕೆ, ಪತ್ರ, ವರದಿ ಇದ್ದವು. ಕುರ್ಚಿ ಸರಿಸಿ ಎದ್ದವರೇ ಎಲ್ಲ.

ಮಾದೇಶ ಪರದೆಯನ್ನೇ ನೋಡುತ್ತಾ ನಿಂತಿದ್ದ. ಮುಖ ಬಿಳುಚಿತು. “ಇದನ್ನ ಕೇಳ್ಲೇ ಇಲ್ವಲ್ಲ ನಾನು...” ಅಂತ ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ದನಿ ಎತ್ತಿ, “ಸಾರ್, ಅಕ್ಷರ ಎಲ್ಲೂ ಹೋಗಿಲ್ಲ. ತಪ್ಪು ನಂದೇ. ಮೂರು ದಿನ ಟೈಮ್ ಕೊಡಿ—”

“ಮೂರು ದಿನಕ್ಕೆ ನಮ್ಮಪ್ಪ ಬತ್ತಾನಾ?” ಸಂಘಮಿತ್ರಳ ದನಿ ಗದ್ದಲವನ್ನು ಸೀಳಿತು. “ಹೇಳು. ನೀನೇ ಹೇಳು.”

ನೀನು. ಅಲ್ಲಿಯ ತನಕ ಒಂದು ಸಲವೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ಮಾದೇಶ ಲ್ಯಾಪ್‌ಟಾಪ್ ಮುಚ್ಚಿ, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, ಹಿಂದಿನ ಬಾಗಿಲಿಂದ ಹೊರಟುಹೋದ. ಯೋಜನೆ ಬೇಡ ಅಂತ ಸಭೆ ತೀರ್ಮಾನ ಮಾಡಿತು.

ಗೆದ್ದಳು. ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗೆದ್ದೆ ಅಂತ ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡಳು. ಬಿಳಿಕೆರೆ ದಾಟುವಷ್ಟರಲ್ಲಿ ಅವನ ಬಿಳುಚಿದ ಮುಖ ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ. ಅದಕ್ಕೂ ಅವನನ್ನೇ ಬೈದುಕೊಂಡಳು.

ಮರುದಿನ ಬೆಳಿಗ್ಗೆ ಸಾಲಿಗ್ರಾಮಕ್ಕೆ ಹೋದಳು. ಪುಸ್ತಕ ಅಚ್ಚಾಗುವುದಿಲ್ಲ ಅಂತ ಫೋನಿನಲ್ಲಿ ಹೇಳಲು ಮನಸ್ಸು ಬಂದಿರಲಿಲ್ಲ.

ನೀಲಕಂಠಸ್ವಾಮಿ ಮದುವೆ ಪತ್ರಿಕೆ ಎಣಿಸುತ್ತಾ ಕೂತಿದ್ದರು. ಅವಳು ತನ್ನಲ್ಲಿ ಉಳಿದಿದ್ದ ಮೂಲ ಪ್ರಿಂಟನ್ನು ಮುಂದಿಟ್ಟಳು. “ಇಷ್ಟೇ ಮಾವ ಉಳಿದಿರೋದು. ಎಲ್ಲ ಹಿಂಗೇ ಆಗದೆ.”

ಅವರು ಕಾಗದ ಎತ್ತಿಕೊಂಡರು. ಕನ್ನಡಕ ಹುಡುಕಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ದಿನಪತ್ರಿಕೆ ಓದುವವರ ಹಾಗೆ ಓದಲು ಶುರು ಮಾಡಿದರು.

“‘ಇಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಕೈಯಲ್ಲಿ ಬರೆದುಕೊಟ್ಟ ಅರ್ಜಿಯನ್ನು ಒಬ್ಬ ದೊಡ್ಡ ಮನುಷ್ಯ ಓದದೆ ಹರಿದು ಹಾಕಿದ...’”

ಸಂಘಮಿತ್ರ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಮಾವ... ಏನ್ ಓದ್ತಾ ಇದ್ದೀರಾ?”

“ನೀನ್ ಕೊಟ್ಟಿದ್ದೇ ಓದ್ತಾ ಇವ್ನಿ.”

“ಅದ್ರಲ್ಲಿ ಕನ್ನಡವೇ ಇಲ್ಲ.”

ಅವರು ನಕ್ಕರು. “ಇದ್ಕೆ ಗಾಬರಿ ಬಿದ್ಯಾ? ನಿಮ್ಮಪ್ಪ ಟೈಪ್ ಮಾಡ್ತಿದ್ದಿದ್ದು ಹಳೇ ಫಾಂಟಲ್ಲಿ. ಅದರ ಒಳಗೆಲ್ಲ ಇಂಗ್ಲಿಷ್ ಅಕ್ಷರಾನೇ. ಮೇಲೆ ಕನ್ನಡದ ಅಂಗಿ ತೊಡ್ಸಿರ್ತಾರೆ. ನಿನ್ನ ಹೊಸ ಕಂಪ್ಯೂಟರ್ನಲ್ಲಿ ಆ ಫಾಂಟ್ ಇಲ್ಲ, ಅಂಗಿ ಕಳಚಿದೆ. ಅಂಗಿ ಹೋದ್ರೆ ಆಳು ಹೋಗ್ಬುಟ್ನಾ? ಇಪ್ಪತ್ತು ವರ್ಷ ಇದನ್ನೇ ಕುಟ್ಟಿರೋರು ನಾವು. ಅಂಗಿ ಇಲ್ದೇನೂ ಗುರುತು ಹಿಡೀತೀವಿ.” ಪೆನ್ನಿನ ತುದಿಯಿಂದ ತೋರಿಸಿದರು. “ನೋಡು, ಇದು ಅಪ್ಪ. ಇದು ನಿನ್ ಹೆಸರು.”

¸ÀAWÀ«ÄvÀæ.

ಆ ಕಸದ ಕಡೆ ಅವಳು ದಿಟ್ಟಿಸಿ ನೋಡಿದಳು. ತನ್ನ ಹೆಸರು. ಅಪ್ಪನ ಬೆರಳು ಕುಟ್ಟಿದ ಹೆಸರು.

“ಮುಂದೆ ಓದಿ ಮಾವ.”

“‘ನಿನ್ನ ಅಕ್ಷರ ಯಾರು ಓದುತ್ತಾರೆ ಅಂದ. ಅವನ ಮೇಲೆ ಸೇಡು ತೀರಿಸಿಕೊಳ್ಳಬೇಕು ಅಂತಲೇ ಟೈಪಿಂಗ್ ಕಲಿತೆ. ಹದಿನೈದು ವರ್ಷದ ಮೇಲೆ ಅದೇ ಮನುಷ್ಯ ಪಿಂಚಣಿ ಅರ್ಜಿ ಟೈಪು ಮಾಡಿಸಲು ನನ್ನೆದುರು ಬಂದು ಕೂತ. ಕಾಗದ ಕೈಗೆ ಬಂದಾಗ ಹರಿದು ಹಾಕೋಣ ಅನ್ನಿಸಿತು. ಒಂದು ಸಲ ಓದಿ ಹರಿಯೋಣ ಅಂತ ಓದಿದೆ. ಓದಿದ ಮೇಲೆ ಹರಿಯಲು ಆಗಲಿಲ್ಲ. ಒಂದು ತಪ್ಪಿತ್ತು, ತಿದ್ದಿ ಕೊಟ್ಟೆ. ನನ್ನ ಮಗಳು ಸಂಘಮಿತ್ರಳಿಗೆ ನನ್ನ ಸಿಟ್ಟೇ ಬಂದಿದೆ. ಓದುವ ಮೊದಲೇ ಹರಿಯುವ ಹುಡುಗಿ. ಪಕ್ಕದಲ್ಲಿ ನಿಂತು ಒಂದ್ಸಲ ಓದು ಅನ್ನುವವನು ಅವಳಿಗೆ ಸಿಕ್ಕಲಿ.’”

ಪ್ರೆಸ್ಸಿನ ಯಂತ್ರ ನಿಂತಿತ್ತು. ಈಗ ಬಂತು ಅಳು.

ಯಾವುದು ಅಂತ ನೋಡದೆ ತೆಗೆದ ಪುಟ. ಓದುವ ಮೊದಲೇ ಹರಿಯಬೇಡ ಅಂತ ಅಪ್ಪ ಬರೆದ ಪುಟವನ್ನೇ ಓದದೆ, ಮೂವತ್ತೆಂಟು ಪ್ರತಿ ಮಾಡಿ, ಒಬ್ಬನನ್ನು ಹರಿದು ಬಂದಿದ್ದಳು.

ಫೋನ್ ಮಾಡಿದಳು. ರಿಂಗಾಯಿತು, ಅವನು ಎತ್ತಲಿಲ್ಲ. ಎತ್ತಬೇಕು ಅಂತ ಕೇಳುವ ಮುಖವೂ ಅವಳಿಗಿರಲಿಲ್ಲ.

ಗುರುವಾರ ಹುಣಸೂರಿನ ಕಾಲೇಜಿಗೇ ಹೋದಳು. ಮಧ್ಯಾಹ್ನದ ಹೊತ್ತು. ಲ್ಯಾಬಿನಲ್ಲಿ ಮಾದೇಶ ಒಬ್ಬನೇ ಇದ್ದ. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಾಗಿತ್ತು. ಅವಳನ್ನು ನೋಡಿ ಏಳಲಿಲ್ಲ.

“ಇನ್ನೂ ಕಾಗದ ಹಂಚೋದು ಬಾಕಿ ಇತ್ತಾ?”

ಅವಳು ತಲೆ ತಗ್ಗಿಸಿದಳು. “ನಾನು... ಗೊತ್ತಾಗಲಿಲ್ಲ. ನೀಲಕಂಠಸ್ವಾಮಿ ಮಾವ ಓದಿ ಹೇಳಿದ ಮೇಲೆ...”

“ಫೋನ್ ಎತ್ತಿದ್ರೆ ನಾನೇ ಹೇಳ್ತಿದ್ದೆ.”

“ಹನ್ನೊಂದು ಸಲ ಮಾಡಿದ್ದೆ.”

“ಕಾಡಂಚಲ್ಲಿದ್ದೆ ಕಣ್ರೀ, ನಮ್ಮೂರ ಸ್ಕೂಲಲ್ಲಿ. ಅಲ್ಲಿ ನೆಟ್‌ವರ್ಕೂ ಇಲ್ಲ, ಮೂರು ದಿನ ಕರೆಂಟೂ ಇರ್ಲಿಲ್ಲ. ಊರಿಂದ ಹೊರಗೆ ಬಂದ ತಕ್ಷಣ ಹನ್ನೊಂದು ಕಾಲ್ ನೋಡಿ...” ಅವನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. “ನಿಮ್ಮಮ್ಮನಿಗೇನೋ ಆಯ್ತು ಅಂತ ಹೆದರಿಬಿಟ್ಟಿದ್ದೆ. ನೀವು ಕಟ್ ಮಾಡಿದ್ರಿ. ಸಭೆಗೆ ಬಂದ್ರಲ್ಲ, ಒಂದು ಕ್ಷಣ... ನನಗೋಸ್ಕರ ಬಂದ್ರಿ ಅಂದ್ಕೊಂಡೆ.”

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. *ಹೊಡೆದರೂ ಸರಿ, ಹೀಗೆ ಮಾತಾಡಬೇಡ...*

“ನನಗೂ ಸೇಡು ತೀರಿಸ್ಕೋಬೇಕು,” ಅಂದ ಮಾದೇಶ. “ಕೂತ್ಕೊಳ್ಳಿ ಇಲ್ಲಿ.”

ಕೂತಳು. ಪರದೆಯ ಮೇಲೆ ಆ ಕಸವೇ ತುಂಬಿತ್ತು, ಅಪ್ಪನ ಮೊದಲ ಪುಟ. ಮೇಲೆ ಮೂಲೆಯಲ್ಲಿ ಒಂದು ಹಸಿರು ಗುಂಡಿ. ಗುಂಡಿಯ ಮೇಲೆ ‘ಅಂಕಯ್ಯ’ ಅಂತ ಬರೆದಿತ್ತು.

“ಒತ್ತಿ.”

ಒತ್ತಿದಳು.

ಟೋಪಿಗಳೆಲ್ಲ ಬಿದ್ದವು. ‘ಅಪ್ಪ ನನಗೆ ಮೊದಲು ಕಲಿಸಿದ್ದು ಹೆಸರು ಬರೆಯುವುದನ್ನು...’ ಅಂತ ಕನ್ನಡ ಎದ್ದು ನಿಂತಿತು. ಒಂದರ ಹಿಂದೆ ಒಂದು, ಇನ್ನೂರು ಪುಟವೂ.

ಬಾಯಿಗೆ ಸೆರಗು ಒತ್ತಿಕೊಂಡು ಅವಳು ಬಿಕ್ಕಿದಳು. ಮಾದೇಶ ಕಿಟಕಿಯ ಕಡೆ ತಿರುಗಿ ನಿಂತ. ಅಲ್ಲಿಂದಲೇ ಹೇಳಿದ.

“ಇದನ್ನು ಹೀಗೆ ತಿರುಗಿಸೋ ದಾರಿ ಮೊದಲೇ ಇತ್ತು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಅದು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಗೊತ್ತಾಗೋ ಹಂಗಿತ್ತು. ಮೂರು ದಿನ ಕೂತು ಒಂದು ಗುಂಡಿ ಮಾಡ್ದೆ. ನೀವು ಮಾಡಿದ್ದು ತಪ್ಪು. ಆದ್ರೆ ನೀವು ಹೇಳಿದ್ದು ಸುಳ್ಳಲ್ಲ. ಇಪ್ಪತ್ತೊಂದು ಪ್ರಶ್ನೆ ಕೇಳ್ದೆ, ಕನ್ನಡ ಯಾವುದರಲ್ಲಿ ಟೈಪ್ ಮಾಡ್ತೀರಿ ಅಂತ ಒಂದು ಪ್ರಶ್ನೆ ಕೇಳ್ಲಿಲ್ಲ. ಚಪ್ಪಲಿ ಬಿಟ್ಟ ಜಾಗದಲ್ಲೇ ಇತ್ತು, ಕಾಲಿಗೆ ಆಗ್ತದಾ ಅಂತ ನೋಡ್ಲೇ ಇಲ್ಲ.”

ನೋಟ್‌ಬುಕ್ ತೆಗೆದು ತೋರಿಸಿದ. ಇಪ್ಪತ್ತೆರಡನೇ ಪ್ರಶ್ನೆ ಹೊಸ ಶಾಯಿಯಲ್ಲಿತ್ತು.

“ಇದೇನಾ ನಿಮ್ಮ ಸೇಡು?”

“ಇಲ್ಲ. ಸೇಡು ಇನ್ನೂ ಬಾಕಿ ಇದೆ. ಯೋಚನೆ ಮಾಡ್ತಾ ಇದ್ದೀನಿ.”

“ನೀವು ಯೋಚನೆ ಮಾಡ್ಬ್ಯಾಡಿ. ಶಿಕ್ಷೆ ನಾನೇ ಹಾಕ್ಕೊಂಡಿವ್ನಿ,” ಅಂದಳು ಅವಳು. “ಆ ಗುಂಡಿ ನನ್ ಪೆನ್‌ಡ್ರೈವ್ಗೆ ಹಾಕ್ಕೊಡಿ.”

ಮರುದಿನದಿಂದ ಅವಳು ಬಸ್ಸು ಹತ್ತಿದಳು. ಚೀಲದಲ್ಲಿ ಅಪ್ಪನ ಅದೇ ಪುಟದ ಮೂವತ್ತೆಂಟು ಪ್ರತಿ, ಈ ಸಲ ಕನ್ನಡದಲ್ಲಿ. ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ: ‘ಇದು ನನ್ನ ಅಪ್ಪ. ತಪ್ಪು ನನ್ನದು.’ ಹೊತ್ತಾರೆ ಒಂದು ಶಾಲೆ, ಮಧ್ಯಾಹ್ನ ಒಂದು ಶಾಲೆ. ಹುಣಸೂರಿನ ಆಚೆ, ಪಿರಿಯಾಪಟ್ಟಣದ ಈಚೆ, ಬಸ್ಸು ಇಲ್ಲದ ಕಡೆ ಹೊಗೆಸೊಪ್ಪಿನ ಗಾಡಿ ಹತ್ತಿ. ಅಂಗಡಿಯನ್ನು ಭಾಗ್ಯಮ್ಮನೇ ನೋಡಿಕೊಂಡರು.

ಪ್ರತಿಯೊಬ್ಬ ಹೆಡ್ಮಾಸ್ಟರಿನ ಎದುರೂ ಅವಳು ಒಂದೇ ಮಾತು ಹೇಳುತ್ತಿದ್ದಳು. “ಅವತ್ತು ಓದದೆ ಮಾತಾಡ್ಬುಟ್ಟೆ ಸಾರ್. ನಿಮ್ ಪ್ರಶ್ನೆಪತ್ರಿಕೆ ಯಾವ ಫಾಂಟಲ್ಲಿ ಅದೆ? ತೆಗೀರಿ. ಈಗ ಈ ಗುಂಡಿ ಒತ್ತಿ.”

ಕೆಲವರು ಬೈದರು. ಕೆಲವರು ಎಳನೀರು ಕೊಟ್ಟರು. ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಬೀಗ ಹಾಕಿದ್ದ ಕಡೆ ಎಲ್ಲ, ಹೇಳದೆ ಕೇಳದೆ ಮೊದಲು ಬಟ್ಟೆ ತೆಗೆದಳು. ಕೊನೆಯ ಶಾಲೆ ಉಮಾಶಂಕರರದು, ಬೆಟ್ಟದ ಬುಡದಲ್ಲಿ. ಅವರು ಏಳನೇ ತರಗತಿಯ ಸಮಾಜ ವಿಜ್ಞಾನವನ್ನು ಎರಡು ಸಲ ತಿರುಗಿಸಿ ನೋಡಿ, ಒಂದೂ ಕಾಗುಣಿತ ತಪ್ಪಿಲ್ಲ ಅಂತ ಖಾತ್ರಿಯಾದ ಮೇಲೆ ಫೋನ್ ತೆಗೆದರು.

“ಮಾದೇಶ ಅವರಾ? ಮುಂದಿನ ಸಭೆಗೆ ಬನ್ನಿ. ಆಮೇಲೆ... ನೀವು ಬರದೆ ಇದ್ರೂ ಪರವಾಗಿಲ್ಲ. ಈ ಹುಡುಗಿ ನಿಮಗಿಂತ ಚೆನ್ನಾಗಿ ಹೇಳ್ಕೊಡ್ತಾಳೆ.”

ಅಂಕಯ್ಯ ಹೋಗಿ ವರ್ಷ ತುಂಬಿದ ದಿನ ಬೆಳಿಗ್ಗೆ ನೀಲಕಂಠಸ್ವಾಮಿ ಪುಸ್ತಕದ ಕಟ್ಟು ಹೊತ್ತು ತಂದರು. ಭಾಗ್ಯಮ್ಮ ಮೊದಲ ಪ್ರತಿಯನ್ನು ಗಂಡನ ಫೋಟೋದ ಮುಂದಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತರು. ಊಟ ಮುಗಿದು, ಬಂದವರೆಲ್ಲ ಹೋದಮೇಲೆ, ಅಂಗಡಿಯಲ್ಲಿ ಉಳಿದದ್ದು ಇಬ್ಬರೇ.

ಮಾದೇಶ ನಿಂತೇ ಇದ್ದ.

“ಕೂತ್ಕೊಳ್ಳಿ,” ಅಂದಳು ಸಂಘಮಿತ್ರ. ಅಪ್ಪನ ಕುರ್ಚಿ ತೋರಿಸಿದಳು.

ಅವನು ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ. “ಬೈಯಲ್ವಾ?”

“ಬೈಯಲ್ಲ.”

ಮೆಲ್ಲಗೆ ಕೂತ. ಸವೆದ ಕೈಹಿಡಿಕೆಯ ಮೇಲೆ ಕೈಯಿಡಲು ಹೆದರಿ, ಮಡಿಲಲ್ಲೇ ಇಟ್ಟುಕೊಂಡ.

“ಸಭೇಲಿ ನೀವು ನನ್ನ ನೀನು ಅಂದ್ರಿ,” ಅಂದ.

“ಅದಕ್ಕೂ ತಪ್ಪಾಯ್ತು...”

“ತಪ್ಪು ಬೇಡ. ಅವತ್ತು ಚೆನ್ನಾಗಿದ್ದಿದ್ದು ಅದೊಂದೇ.” ಅವನು ಚೀಲದಿಂದ ನೋಟ್‌ಬುಕ್ ತೆಗೆದ. “ಸೇಡು ಬಾಕಿ ಇದೆ ಅಂದಿದ್ನಲ್ಲ. ಇಪ್ಪತ್ಮೂರನೇ ಪ್ರಶ್ನೆ. ಓದ್ಕೊಳ್ಳಿ. ನಾನು ಓದಿ ಹೇಳಲ್ಲ.”

ಪುಟದ ತುಂಬ ಅವನ ಕೈಬರಹದಲ್ಲಿ ಎ, ಸಿ, ವಿ, ಟೋಪಿ, ಚುಕ್ಕೆ, ಗೀಟು. ಸರಿಯಾದ ಸೇಡೇ.

ಆದರೆ ಮೂವತ್ತೆಂಟು ಶಾಲೆ ತಿರುಗಿದ ಹುಡುಗಿ ಅವಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಯಾವ ಗುರುತಿಗೆ ಯಾವ ಅಕ್ಷರ ಅಂತ ನೀಲಕಂಠಸ್ವಾಮಿ ಬರೆದುಕೊಟ್ಟ ಪಟ್ಟಿ ಹಿಡಿದು ಅಪ್ಪನ ಪುಟಗಳನ್ನು 'ಅಂಗಿ' ಇಲ್ಲದೇ ಓದಲು ಕಲಿತಿದ್ದಳು. ಬೆರಳಿಟ್ಟು ಓದಿದಳು. ಮೊದಲ ಪದಕ್ಕೆ ಪಟ್ಟಿ ಬೇಕಾಗಲಿಲ್ಲ.

¸ÀAWÀ«ÄvÀæ.

ಮುಂದಿನದು ನಿಧಾನವಾಯಿತು. ಒಂದೊಂದೇ ಅಕ್ಷರ ತುಟಿಯ ಮೇಲೆ ಮೂಡಿತು. “...ನನ್ನ... ಮದುವೆ... ಆಗ್ತೀಯಾ?”

ಓದಿ ಮುಗಿದರೂ ತಲೆ ಎತ್ತಲಿಲ್ಲ.

“ಈಗಲೇ ಹರಿದು ಹಾಕ್ಬೇಡಿ,” ಅಂದ ಮಾದೇಶ. “ಬೇಕಾದ್ರೆ ಇನ್ನೊಂದ್ಸಲ ಓದಿ.”

ಇನ್ನೊಂದು ಸಲ ಓದಿದಳು. ಆಮೇಲೆ ಅಪ್ಪನ ಟೇಬಲ್ಲಿನ ಮೇಲಿದ್ದ ಕೆಂಪು ಪೆನ್ನು ತೆಗೆದು, ಆ ಪ್ರಶ್ನೆಯ ಕೆಳಗೆ ಯೋಚಿಸಿ ಯೋಚಿಸಿ ಬರೆದು, ನೋಟ್‌ಬುಕ್ಕನ್ನು ಅವನ ಕಡೆ ತಿರುಗಿಸಿದಳು.

ºÀÆA.

“ನೀನೇ ಓದು,” ಅಂದಳು. “ಕೊನೇಲಿ ಸೊನ್ನೆ ಸರಿಯಾಗಿ ಹಾಕಿದ್ದೀನಾ?”

ಮಾದೇಶ ಓದಿದ. ಬಹಳ ಹೊತ್ತು ಓದಿದ, ನಾಲ್ಕೇ ಗುರುತು ಇದ್ದರೂ.

“ಸರಿಯಾಗಿದೆ,” ಅಂದ. “ಹೂಂ ಅಂತಲೇ ಇದೆ.”